ಅಂಗಡಿಯ ಹಿಂದಿನ ಶಾಲೆ

ಇಂದು ಪದವಿ ಪಡೆಯುತ್ತಿರುವ ಪ್ರೀತಿಯ ವಿದ್ಯಾರ್ಥಿಗಳೇ,

ಘಟಿಕೋತ್ಸವವೇ ಇಲ್ಲದಿದ್ದ ಒಂದು ಶಾಲೆಯ ಕಥೆ ಹೇಳುತ್ತೇನೆ.

ಅಮೆರಿಕದ ಸೌತ್ ಕೆರೊಲಿನಾದಲ್ಲಿ ಜಾನ್ಸ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಕಪ್ಪು ಜನ ಮತದಾರರ ಪಟ್ಟಿಗೆ ಸೇರಬೇಕಾದರೆ ರಾಜ್ಯ ಸಂವಿಧಾನದ ಭಾಗವೊಂದನ್ನು ಅಧಿಕಾರಿಯ ಮುಂದೆ ಓದಿ ತೋರಿಸಬೇಕಿತ್ತು. ಅವರಿಗೆ ನೆಟ್ಟಗೆ ಶಾಲೆ ಕೊಡದ ಸರ್ಕಾರವೇ, ಓದು ಬಾರದವರಿಗೆ ಓಟಿಲ್ಲ ಎನ್ನುತ್ತಿತ್ತು.

ದ್ವೀಪದ ಕೂಲಿಕಾರರನ್ನು ಚಾರ್ಲ್ಸ್‌ಟನ್‌ಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದ ಈಸಾ ಜೆಂಕಿನ್ಸ್ ದಾರಿಯುದ್ದಕ್ಕೂ ಆ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಬಾಯಿಪಾಠ ಎಷ್ಟು ದಿನ ನಡೆದೀತು? 1957ರ ಜನವರಿಯಲ್ಲಿ ಸಹಕಾರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ ಶುರುವಾಯಿತು. ಮುಂದೆ ದಿನಸಿ, ಹಿಂದೆ ಪಾಠ. ಬಿಳಿಯರ ಕಣ್ಣಿಗೆ ಬೀಳದಿರಲೆಂದು ಈ ಏರ್ಪಾಡು. ಪಾಠ ಹೇಳಿದ ಬರ್ನಿಸ್ ರಾಬಿನ್ಸನ್ ಹೆಂಗಸರ ಕೇಶಾಲಂಕಾರ ಮಾಡುತ್ತಿದ್ದವರು. ಬೆನ್ನಿಗೆ ನಿಂತ ಸೆಪ್ಟಿಮಾ ಕ್ಲಾರ್ಕ್, ನಾಗರಿಕ ಹಕ್ಕುಗಳ ಸಂಘಟನೆಯನ್ನು ಬಿಡಲೊಪ್ಪದೆ ಸರ್ಕಾರಿ ಶಾಲೆಯ ಕೆಲಸ ಕಳೆದುಕೊಂಡಿದ್ದವರು. ಅಲ್ಲಿ ಅ-ಆ-ಇ-ಈ ಪುಸ್ತಕವಿರಲಿಲ್ಲ. ತಮ್ಮ ಹೆಸರು ಬರೆಯುವುದು, ಮನಿಆರ್ಡರ್ ಫಾರಂ ತುಂಬುವುದು, ನೋಂದಣಿ ಅರ್ಜಿ ಓದುವುದು, ಇದೇ ಪಠ್ಯ.

ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. ಹೋರಾಟ ಬಲಿತು, 1965ರ ಮತದಾನ ಹಕ್ಕುಗಳ ಕಾಯ್ದೆ ಆ ಭಾಗದಲ್ಲಿ ಓದಿನ ಪರೀಕ್ಷೆಗೆ ತಡೆ ಹಾಕಿತು. ಮಿಸಿಸಿಪ್ಪಿಯಲ್ಲಿ ಶೇ. 7ನ್ನೂ ಮುಟ್ಟದಿದ್ದ ಕಪ್ಪು ಜನರ ನೋಂದಣಿ 1967ರ ಹೊತ್ತಿಗೆ ಶೇ. 60ರ ಹತ್ತಿರ ಬಂತು.

ಅಡ್ಡಿಗಳು ವೇಷ ಬದಲಿಸಿ ಮತ್ತೆ ಬರುತ್ತವೆ. 2011ರ ಟೆಕ್ಸಾಸ್ ಕಾನೂನು ಮತಗಟ್ಟೆಯಲ್ಲಿ ಬಂದೂಕಿನ ಪರವಾನಗಿಯನ್ನು ಗುರುತಿನ ಚೀಟಿಯೆಂದು ಒಪ್ಪಿತು. ವಿಶ್ವವಿದ್ಯಾಲಯದ ಗುರುತಿನ ಚೀಟಿಯನ್ನು ಒಪ್ಪಲಿಲ್ಲ.

ನಮ್ಮಲ್ಲಿ ಸಂವಿಧಾನ ಮೊದಲ ದಿನವೇ ಎಲ್ಲ ವಯಸ್ಕರಿಗೂ ಓಟು ಕೊಟ್ಟಿತು. ಆದರೂ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರು ಹೊರಗುಳಿದರು. 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿ, ಸ್ವಂತ ಹೆಸರು ಹೇಳಿರಲಿಲ್ಲ. ಹಕ್ಕು ಸಂವಿಧಾನದಲ್ಲಿತ್ತು, ಹೆಸರು ಪಟ್ಟಿಯಲ್ಲಿರಲಿಲ್ಲ.

ಓಟರ್ ಐಡಿ ಜೇಬಿನಲ್ಲಿದ್ದ ಮಾತ್ರಕ್ಕೆ ಓಟು ಹಾಕಲಾಗದು, ಪಟ್ಟಿಯಲ್ಲಿ ಹೆಸರಿರಬೇಕು. ಮೊದಲ ಬಾರಿ ಸೇರುವವರಿಗೆ ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುವ ಕೂಲಿಕಾರರಿಗೆ ಇದನ್ನು ಹೇಳುವವರು ಯಾರು?

ರಾಬಿನ್ಸನ್ ಅವರ ಬಳಿ ನಿಮ್ಮಂತೆ ಪದವಿಯಿರಲಿಲ್ಲ. ಪಕ್ಕದಲ್ಲಿ ಕೂತು ಇನ್ನೊಬ್ಬರ ಕೈ ಹಿಡಿದು ಬರೆಸುವ ತಾಳ್ಮೆಯಿತ್ತು. ಈ ಗೌನು ಕಳಚಿಟ್ಟ ಮೇಲೆ ನಿಮ್ಮ ಹಾಸ್ಟೆಲಿನ ಅಡುಗೆಯವರನ್ನು, ಗೇಟಿನ ಕಾವಲುಗಾರರನ್ನು ಒಂದು ಮಾತು ಕೇಳಿ: "ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?" ಇಲ್ಲವೆಂದರೆ ಅಲ್ಲೇ ಕೂತು ಅರ್ಜಿ ತುಂಬಿಸಿ.