ಆಯಿಯ ಮುಖ ಯಾಕೆ ಕಪ್ಪಾಯಿತು?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತಿನ ಬರಹರೂಪ)



ಓಣ್ಯಾಗ ಪಟ್ಟಿ ಎತ್ತಿ ಸಂಘಕ್ಕೆ ಒಂದು ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ತಂದು ಎರಡು ವರ್ಷ ಆಯ್ತು. ಅದರ ತಲೆಯ ಮೇಲಿನ ಚಕ್ರ ಇವತ್ತಿಗೂ ‘ಆಟೋ’ ಬಿಟ್ಟು ಅಲುಗಿಲ್ಲ. ‘ಮುಟ್ಟಬ್ಯಾಡ್ರೋ, ಕೆಡತೈತಿ’ ಅಂತ ನಾವೇ ಒಬ್ಬರಿಗೊಬ್ಬರು ಹೇಳ್ತೀವಿ. ಮುಟ್ಟಬ್ಯಾಡ ಅನ್ನೋ ಮಾತು ನಮಗೇನು ಹೊಸದಲ್ಲ ಬಿಡ್ರಿ.

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ತೀರಿಕೊಳ್ಳೋದಕ್ಕಿಂತ ಮೊದಲು ತೆಗೆಸಿದ್ದು ಒಂದೇ ಫೋಟೋ. ಜಯಂತಿ ದಿನ ಬಿಳಿ ಸೀರೆ ಉಟ್ಟು, ಸುಣ್ಣದ ಗೋಡೆಗೆ ಕುಂತಿದ್ದಳು. ಫೋಟೋ ಬಂದಾಗ ಸೀರೆ ಕಾಣಸ್ತು, ಗೋಡೆ ಕಾಣಸ್ತು, ಮುಖದ ಜಾಗದಾಗ ಕತ್ತಲೆ. ತೆಗೆದವನನ್ನ ಕೇಳಿದ್ರ, ‘ನಿಮ್ಮ ಮಂದಿ ಬಣ್ಣನ ಹಂಗೈತಿ, ಪೌಡರ್ ಹಚ್ಚಿಸಿ ಕರ್ಕೊಂಡು ಬರಬೇಕಿತ್ತು’ ಅಂದ. ಅಪ್ಪ ಸುಮ್ಮನೆ ರೊಕ್ಕ ಕೊಟ್ಟು ಬಂದ.

ಆ ಮಾತು ಸುಳ್ಳು ಅಂತ ನನಗ ತಿಳಿದದ್ದು ಕ್ಯಾಮೆರಾ ಕಲಿಯಾಕ ಹತ್ತಿದ ಮೇಲೆ. ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್ ಇರುತ್ತದೆ. ಎದುರಿಗೆ ಮನುಷ್ಯ ಇದ್ದಾನೋ ಗೋಡೆ ಇದೆಯೋ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಒಟ್ಟು ದೃಶ್ಯವನ್ನು ನಡುಮಧ್ಯದ ಬೂದು ಬಣ್ಣಕ್ಕೆ ತರಬೇಕು ಅನ್ನುವುದಷ್ಟೇ ಅದರ ಲೆಕ್ಕ. ಬಿಳಿ ಗೋಡೆ, ಬಿಳಿ ಸೀರೆ ಕಂಡ ಕೂಡಲೇ ‘ಬೆಳಕು ಹೆಚ್ಚಾತು’ ಅಂತ ಎಲ್ಲವನ್ನೂ ಮಬ್ಬು ಮಾಡುತ್ತದೆ. ಗೋಡೆ ತಡಕೋತೈತಿ, ಆಯಿಯ ಮುಖ ಮುಳುಗತೈತಿ. ಇದಕ್ಕೆ ಮದ್ದು ಪೌಡರ್ ಅಲ್ಲ. ಚಕ್ರವನ್ನು ‘ಪಿ’ಗೋ, ನಿಕಾನ್ ಆದರೆ ‘ಎ’ಗೋ, ಕ್ಯಾನನ್ ಆದರೆ ‘ಎವಿ’ಗೋ ತಿರುಗಿಸಿ, ಕೂಡು-ಕಳೆ ಗುರುತಿನ ಬಟನ್ ಒತ್ತಿ ಹಿಡಿದು, ಅಳತೆಯನ್ನು +1ಕ್ಕೆ ತನ್ನಿರಿ. ಬೆಳಕು ಎರಡು ಪಟ್ಟಾಗುತ್ತದೆ. ಗೋಡೆ ಇನ್ನಷ್ಟು ಬೆಳ್ಳಗಾದರೆ ಆಗಲಿ, ನಮಗೆ ಬೇಕಾದದ್ದು ಮುಖ. ತದ್ವಿರುದ್ಧವೂ ಉಂಟು: ಕಪ್ಪು ಮುಖವೊಂದೇ ಚೌಕಟ್ಟು ತುಂಬಿದರೆ ಮೀಟರ್ ಅದನ್ನು ಬೂದಿ ಬಳಿದಂಗ ತಿಳಿ ಮಾಡುತ್ತದೆ. ಆಗ ಸ್ವಲ್ಪ ಕಳೆಯಬೇಕು.

ಇದು ಬರೇ ನಮ್ಮ ಊರಿನ ಕಥೆ ಅಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಬಣ್ಣ ಹೊಂದಿಸಲಿಕ್ಕೆ ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಎಲ್ಲಾ ಸರಿ. ಕಪ್ಪು ಜನರ ಮುಖ ಮುಳುಗಿದ್ದಕ್ಕಿಂತ, ಚಾಕೊಲೇಟ್ ಮತ್ತು ಮರದ ಸಾಮಾನಿನ ಕಂಪನಿಗಳು ತಮ್ಮ ಕಂದು ಬಣ್ಣ ಸರಿ ಬರುತ್ತಿಲ್ಲ ಅಂತ ಮಾಡಿದ ತಕರಾರೇ ಫಿಲ್ಮ್ ಸುಧಾರಿಸಲು ಕಾರಣವಾಯಿತು ಅಂತ ಆ ಕಂಪನಿಯವರೇ ಆಮೇಲೆ ಹೇಳಿದ್ದುಂಟು.

ಇನ್ನು ಮೆರವಣಿಗೆ. ಹಲಗಿ ಬಾರಿಸುವ ಕೈ ಹೊಗೆಯಂಗ ಬರತೈತಿ ಅಂತೀರಿ. ಶಟರ್ 1/250 ಸೆಕೆಂಡಿಗಿಂತ ನಿಧಾನ ಇರಬಾರದು, 1/500 ಆದರೆ ಚಲೋ. ರಾತ್ರಿ ಅಷ್ಟು ಬೆಳಕು ಸಿಗಲ್ಲ. ಲೆನ್ಸ್‌ನ ಬಾಯಿ ಪೂರ್ತಿ ತೆರೆಯಿರಿ, ಐಎಸ್‌ಒ 3200ಕ್ಕೆ ಏರಿಸಿರಿ. ಫೋಟೋದಾಗ ಕಾಳು ಕಾಳು ಕಂಡರೂ ಪರವಾಗಿಲ್ಲ, ಮನುಷ್ಯ ಕಾಣಲಿ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಬಹಳ ದೂರ ಮುಟ್ಟಲ್ಲ, ಹತ್ತಿರದವರ ಬೆವರು ಮಾತ್ರ ಹೊಳಿತದ. ಎರಡು ಮೂರು ಸಾಲಿನ ಗುಂಪು ಫೋಟೋಕ್ಕೆ ಮಾತ್ರ ಎಫ್ 8 ಇಡ್ರಿ, ಇಲ್ಲಾಂದ್ರ ಹಿಂದಿನ ಸಾಲು ಮಸಕು. ಹಿಂದಿನ ಸಾಲಿನಾಗ ಯಾರು ನಿಂತಿರ್ತಾರ ಅಂತ ನಿಮಗ ಗೊತ್ತಲ್ಲ.

ಮುಂಬಯಿಯ ಸಫಾಯಿ ಕಾಮಗಾರರ ಬದುಕನ್ನು ವರ್ಷಗಟ್ಟಲೆ ಫೋಟೋ ತೆಗೆದ ಸುಧಾರಕ ಓಲ್ವೆ ಅವರ ಚಿತ್ರಗಳನ್ನು ನೋಡಿರಿ. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಪ್ಪು-ಬಿಳುಪಿನ ಆ ಚಿತ್ರಗಳನ್ನು ನಾನು ಕ್ಯಾಮೆರಾ ಪಕ್ಕಕ್ಕಿಟ್ಟು ಎಷ್ಟೋ ಸಲ ನೋಡೀನಿ, ಬೆಳಕು ಎಲ್ಲಿಂದ ಬಂತು ಅಂತ.

ಆಯಿಯ ಫೋಟೋ ನಾನು ಮತ್ತೆ ತೆಗೆಯಲಾರೆ. ಆದರೆ ಓಣ್ಯಾಗ ಇನ್ನೂ ಫೋಟೋ ಇಲ್ಲದ ಮುದುಕಿಯರು ಅದಾರ. ಬರುವ ರವಿವಾರ ಮುಂಜಾನೆ ಏಳಕ್ಕ, ಬಿಸಿಲು ಏರೋದ್ರೊಳಗ, ಸಮಾಜ ಮಂದಿರದ ಕಟ್ಟಿ ಹತ್ರ ಬರ್ರಿ. ಬ್ಯಾಟರಿ ನಾನು ಚಾರ್ಜ್ ಮಾಡಿ ತರ್ತೀನಿ. ಆಯಿಗಳನ್ನ ಕರ್ಕೊಂಡು ಬರೋದು ನಿಮ್ಮ ಕೆಲಸ, ಪೌಡರ್ ಬ್ಯಾಡ ಅಂತ ಹೇಳ್ರಿ.