ಹದಿಮೂರು ಗಂಟಿನ ಹಗ್ಗ

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಗೆಡಲೋನ್ ಎಂಬ ಕಾಡಿನಲ್ಲಿ 1997ರಿಂದ ಒಂದು ಕೋಟೆ ಏಳುತ್ತಿದೆ. ಜೀರ್ಣೋದ್ಧಾರವಲ್ಲ, ಹೊಸ ಕೋಟೆಯೇ; ಕಟ್ಟುವ ಕ್ರಮ ಮಾತ್ರ 13ನೇ ಶತಮಾನದ್ದು. ಕಲ್ಲು ಅಲ್ಲಿಯ ಗಣಿಯದೇ, ಮರ ಅಲ್ಲಿಯ ಕಾಡಿನದೇ. ಭಾರ ಎತ್ತಲು ದೊಡ್ಡ ಮರದ ಚಕ್ರ. ಅದರೊಳಗೆ ಮನುಷ್ಯ ನಡೆದಂತೆ ಹಗ್ಗ ಸುತ್ತಿಕೊಂಡು ಕಲ್ಲು ಮೇಲೇರುತ್ತದೆ.

ಗೋಡೆಯ ಮೂಲೆಮಟ್ಟ ಹಿಡಿಯಲು ಹದಿಮೂರು ಗಂಟಿನ ಹಗ್ಗ. ಗಂಟುಗಳ ನಡುವಿನ ಹನ್ನೆರಡು ಸಮ ಅಂತರಗಳನ್ನು ಮೂರು, ನಾಲ್ಕು, ಐದಾಗಿ ಬಿಗಿದು ತ್ರಿಕೋನ ಮಾಡಿದರೆ ಲಂಬಕೋನ ಸಿದ್ಧ. ಅಕ್ಷರ ಬಾರದ ಮೇಸ್ತ್ರಿಗೂ ಅಷ್ಟು ಸಾಕು!

ನೋಡಬಂದವರ ಟಿಕೆಟ್ ಹಣದಿಂದ ಸಾಗುವ ಈ ಕೆಲಸವನ್ನು ಹುಚ್ಚಾಟವೆಂದು ಮೂಗು ಮುರಿಯಬಹುದು. ಆದರೆ 2019ರಲ್ಲಿ ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಓಕ್ ಮರದ ಚಾವಣಿ ಸುಟ್ಟುಹೋಯಿತು. ಕೊಡಲಿಯಿಂದ ತೊಲೆ ಕೆತ್ತಿ ಅದನ್ನು ಮತ್ತೆ ಕಟ್ಟಿದವರಲ್ಲಿ ಗೆಡಲೋನಿನಲ್ಲಿ ಪಳಗಿದ ಬಡಗಿಗಳೂ ಇದ್ದರು.