ಇರುಳ ದಾರಿಗೆ ಒಂದು ಕಿರುದೀಪ
(ಮಳೆಗಾಲದ ರಾತ್ರಿ ವೀಕ್ಷಣೆಗೆ ಹೊರಡುವ ವಿದ್ಯಾರ್ಥಿಗಳಿಗೂ ಊರವರಿಗೂ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಆಡುಮಾತಿನಲ್ಲಿ ಟಾರ್ಚಿಗೆ 'ಬ್ಯಾಟರಿ' ಎಂದೇ ಹೆಸರು. ದೊಂದಿ, ಒಣಗರಿಯ ಸೂಡಿ, ಲಾಟೀನುಗಳ ಕಾಲ ಮುಗಿದು ಎರಡು ಸೆಲ್ಲಿನ ಬ್ಯಾಟರಿ ಮನೆಯ ಮೊಳೆಗೆ ಬಂದು ತೂಗಿದಾಗ ಅದೊಂದು ಸಂಭ್ರಮವಾಗಿತ್ತು. ಇಂದು ಸಂತೆಯ ಮೂಲೆಯಲ್ಲಿ ರಾಶಿ ಹಾಕಿ ಮಾರುವ ಬೆರಳುದ್ದದ ಟಾರ್ಚು ಹಿಂದಿನ ಮೂರು ಸೆಲ್ಲಿನದಕ್ಕಿಂತ ಹೆಚ್ಚು ಬೆಳಕನ್ನು ಚೆಲ್ಲುತ್ತದೆ. ಬೆಳಕು ಹೆಚ್ಚಿತು, ಆದರೆ ಯಾವ ಕೆಲಸಕ್ಕೆ ಎಷ್ಟು ಬೆಳಕು, ಯಾವ ಬಣ್ಣದ ಬೆಳಕು ಎಂಬ ವಿವೇಕ ಅದರೊಡನೆ ಹೆಚ್ಚಿತೆಂದು ಹೇಳಲಾಗದು. ಇರುಳಿನಲ್ಲಿ ಹೊರಡುವವನ ಪ್ರಾಣವೂ ಇರುಳನ್ನೇ ಮನೆಯಾಗಿಸಿಕೊಂಡ ಜೀವಿಗಳ ಬದುಕೂ ಈ ಆಯ್ಕೆಯನ್ನು ಅವಲಂಬಿಸಿರುವುದರಿಂದ ವಿಷಯವು ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ.

ಮೊದಲು ಪ್ರಾಣದ ಮಾತು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರ ಸಂಖ್ಯೆ ಸುಮಾರು 12 ಲಕ್ಷವೆಂದು, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಮಲೆನಾಡಿನ ಅಡಿಕೆ, ಕಾಫಿ ತೋಟಗಳಲ್ಲಿ ಇನ್ನೊಂದು ತೊಡಕಿದೆ. ತರಗೆಲೆಯ ನಡುವೆ ಸುರುಳಿ ಸುತ್ತಿ ಕೂರುವ ಉಬ್ಬುಮೂಗಿನ ಗುಳಿಮಂಡಲದ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷ ಪರಿಣಾಮಕಾರಿಯಲ್ಲ. ಆ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳೆಂಬ ನಾಲ್ಕರ ವಿಷಕ್ಕಾಗಿ ತಯಾರಿಸಲಾಗುತ್ತದೆ. ಹೀಗಿರುವಾಗ ಕಚ್ಚಿಸಿಕೊಳ್ಳದಿರುವುದೇ ಮೊದಲ ಚಿಕಿತ್ಸೆ. ಅದಕ್ಕೆ ಬೇಕಾದ ಉಪಕರಣಗಳು ಎರಡೇ: ಕಾಲಿಗೆ ಗಂಬೂಟು, ಕೈಗೆ ದೀಪ.

ಅಂಗಡಿಯಲ್ಲಿ ಟಾರ್ಚು ಕೇಳಿದವನಿಗೆ ಮೊದಲು ತೋರಿಸುವುದು ಅದರ ದೂರ. "ಅರ್ಧ ಕಿಲೋಮೀಟರು ಹೊಡೆಯುತ್ತದೆ" ಎಂಬ ಮಾತಿಗೆ ಮರುಳಾಗದವರು ವಿರಳ. ಈ ದೂರವನ್ನು ಅಳೆಯಲು ತಯಾರಕರು ಒಪ್ಪಿಕೊಂಡ ಮಾನದಂಡವೊಂದು 2009ರಿಂದ ಬಳಕೆಯಲ್ಲಿದೆ. ಬೆಳಕು ಕ್ಷೀಣಿಸುತ್ತ ಹೋಗಿ 0.25 ಲಕ್ಸ್, ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಿನಷ್ಟು ಆಗುವ ದೂರವನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕುತ್ತಾರೆ. ಆ ದೂರದಲ್ಲಿ ಮರವೋ ಮನೆಯೋ ಇದೆ ಎಂಬುದಷ್ಟೇ ಗೋಚರವಾಗುತ್ತದೆ, ಹಾವು ಕಾಣುವುದಿಲ್ಲ. ಅದೇ ಮಾನದಂಡದಲ್ಲಿ ಟಾರ್ಚು ಉರಿಯುವ ಅವಧಿಯೆಂದರೆ ಬೆಳಕು ಮೊದಲಿನ ಹತ್ತರಲ್ಲೊಂದು ಭಾಗಕ್ಕೆ ಇಳಿಯುವವರೆಗಿನ ಕಾಲ. ಆದ್ದರಿಂದ 'ಹತ್ತು ಗಂಟೆ' ಎಂದು ಬರೆದಿದ್ದರೆ ಹತ್ತನೆಯ ಗಂಟೆಯಲ್ಲಿ ಉಳಿದಿರುವುದು ಮಿಣುಕು ಮಾತ್ರ. ಯಾವ ಮಾನದಂಡದ ಉಲ್ಲೇಖವೂ ಇಲ್ಲದೆ ಲಕ್ಷ ಲ್ಯುಮೆನ್ ಎಂದು ಬೊಬ್ಬಿಡುವ ಪೊಟ್ಟಣಗಳನ್ನು ಅಲ್ಲೇ ಬಿಟ್ಟು ಬರುವುದು ಲೇಸು.

ನಡೆಯುವವನಿಗೆ ನಿಜವಾಗಿ ಬೇಕಾದುದು ಮುಂದಿನ ನಾಲ್ಕೈದು ಮಾರಿನ ನೆಲ. ಅದಕ್ಕೆ 20ರಿಂದ 50 ಲ್ಯುಮೆನ್ ಧಾರಾಳವಾಗಿ ಸಾಕು; ಹಳೆಯ ಎರಡು ಸೆಲ್ಲಿನ ಬ್ಯಾಟರಿ ಕೊಡುತ್ತಿದ್ದುದು ಅದಕ್ಕೂ ಕಡಿಮೆ. ಬೆಳಕು ಸೂಜಿಯಂತೆ ಒಂದೇ ಬಿಂದುವಿಗೆ ಬೀಳದೆ ಹರಡಿಕೊಂಡಿರಬೇಕು, ಏಕೆಂದರೆ ಹಾವು ದಾರಿಯ ನಡುವೆಯೇ ಕೂತಿರಬೇಕೆಂಬ ನಿಯಮವೇನೂ ಇಲ್ಲ. ಹಳ್ಳದಾಚೆಯ ಕಾಲುಸಂಕವನ್ನೋ ದಿಬ್ಬದ ಮೇಲಿನ ಆನೆಯನ್ನೋ ನೋಡಲು 200–300 ಲ್ಯುಮೆನ್‌ನ ಮೇಲಿನ ಹಂತವೊಂದಿದ್ದರೆ ಒಳಿತು. ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಕೆಳಗಿನ ಹಂತ. ಒಂದೆರಡು ಲ್ಯುಮೆನ್‌ನ ಮಂದ ಬೆಳಕಿಗೆ ಇಳಿಯಬಲ್ಲ ಟಾರ್ಚೇ ಕಾಡಿನಲ್ಲಿ ಉಪಯುಕ್ತ. ಗುಂಡಿ ಒತ್ತಿದೊಡನೆ ಕಡಿಮೆ ಬೆಳಕಿನಿಂದ ಆರಂಭವಾಗುವುದನ್ನೇ ಆರಿಸಬೇಕು. ಪ್ರತಿ ಬಾರಿಯೂ ಅತ್ಯುಜ್ವಲ ಹಂತವನ್ನೂ, ಕಣ್ಣು ಕೋರೈಸುವ ಮಿಟುಕು ಹಂತವನ್ನೂ ದಾಟಿಯೇ ಮಂದ ಬೆಳಕಿಗೆ ಬರಬೇಕಾದ ಟಾರ್ಚು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ವೀಕ್ಷಕನಿಗೆ ಶತ್ರು.

ಬಿಳಿ ಬೆಳಕಿನಲ್ಲಿಯೂ ಭೇದವಿದೆ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು. ಇಂದಿನ ಬಿಳಿ ಎಲ್‌ಇಡಿ ಮೂಲತಃ ಆ ನೀಲಿ ದೀಪವೇ. ಅದರ ಮೇಲೆ ಬಳಿದ ಹಳದಿ ಲೇಪವು ನೀಲಿಯ ಒಂದಂಶವನ್ನು ಹಳದಿಯಾಗಿ ಮಾರ್ಪಡಿಸಿ ಎರಡೂ ಕೂಡಿ ಬಿಳಿಯೆನಿಸುತ್ತದೆ. ಅಗ್ಗದ ಟಾರ್ಚುಗಳ ನೀಲಿಛಾಯೆಯ ಬಿಳಿಯಲ್ಲಿ ಕೆಂಪಿನ ಅಂಶ ಬಹಳ ಕಡಿಮೆ. ಅದರ ಕೆಳಗೆ ಕಂದು, ಕೆಮ್ಮಣ್ಣು, ಒಣಎಲೆ ಎಲ್ಲವೂ ಒಂದೇ ಬೂದುಬಣ್ಣಕ್ಕೆ ತಿರುಗುತ್ತವೆ. ತರಗೆಲೆಯ ಬಣ್ಣವನ್ನೇ ಹೊದ್ದ ಮಂಡಲದ ಹಾವು ಅಲ್ಲಿ ಇನ್ನಷ್ಟು ಸುಲಭವಾಗಿ ಅಡಗುತ್ತದೆ. 3000ದಿಂದ 4000 ಕೆಲ್ವಿನ್‌ನ ಬೆಚ್ಚನೆಯ ಬಿಳಿ, ವರ್ಣಸೂಚ್ಯಂಕ 90ಕ್ಕಿಂತ ಮೇಲಿರುವ ದೀಪ ದೊರೆತರೆ ನೆಲದ ಬಣ್ಣಗಳು ಬೇರೆಬೇರೆಯಾಗಿ ಕಾಣುತ್ತವೆ. ಕಪ್ಪೆ, ಅಣಬೆಗಳ ಬಣ್ಣ ಗುರುತಿಸಿ ಟಿಪ್ಪಣಿ ಮಾಡುವ ವಿದ್ಯಾರ್ಥಿಗೂ ಇದೇ ಯೋಗ್ಯ.

ಟಾರ್ಚನ್ನು ಹಿಡಿಯುವ ಎತ್ತರವೂ ಮುಖ್ಯ. ಹಣೆಗೆ ಕಟ್ಟುವ ದೀಪ ಕೈಗೆ ಬಿಡುವು ಕೊಡುತ್ತದೆ, ನಿಜ. ಆದರೆ ಬೆಳಕು ಕಣ್ಣಿನ ನೇರದಿಂದಲೇ ಹೊರಟಾಗ ವಸ್ತುವಿನ ನೆರಳು ವಸ್ತುವಿನ ಹಿಂದೆಯೇ ಅಡಗಿ ನೆಲವೆಲ್ಲ ಚಪ್ಪಟೆಯಾಗಿ ತೋರುತ್ತದೆ. ಅದೇ ದೀಪವನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ ಹಿಡಿದರೆ ಪ್ರತಿ ಕಲ್ಲಿಗೂ ಬೇರಿಗೂ ಸುರುಳಿಗೂ ಉದ್ದನೆಯ ನೆರಳು ಬಿದ್ದು ಆಕಾರ ಎದ್ದು ಬರುತ್ತದೆ. ಲಾಟೀನು ಹಿಡಿದು ನಡೆದ ಹಿರಿಯರು ಇದನ್ನು ಯಾವ ಪುಸ್ತಕದಿಂದಲೂ ಕಲಿತವರಲ್ಲ. ಮಂಜು ಕವಿದಾಗಲೂ ಇದೇ ರೀತಿ. ಹಣೆಯ ದೀಪ ಎದುರಿಗೆ ಬಿಳಿಗೋಡೆಯನ್ನು ಕಟ್ಟುತ್ತದೆ, ಕೆಳಗೆ ಹಿಡಿದ ದೀಪ ದಾರಿ ಬಿಡಿಸುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿಯೇ ಚದುರಿಸುತ್ತವೆ.

ಇನ್ನು ಬಣ್ಣದ ಫಿಲ್ಟರುಗಳ ವಿಚಾರ. ಮನುಷ್ಯನ ಅಕ್ಷಿಪಟಲದಲ್ಲಿ ಹಗಲಿಗೆ ಶಂಕುಕೋಶಗಳು, ಇರುಳಿಗೆ ಸರಳುಕೋಶಗಳು. ಕತ್ತಲಿಗೆ ಬಂದ ಕಣ್ಣು ಪೂರ್ತಿ ಹದಗೊಳ್ಳಲು ಅರ್ಧ ಗಂಟೆಗೂ ಮಿಕ್ಕಿ ಕಾಲ ಬೇಕು; ಒಂದು ಬಾರಿ ಬಿಳಿ ಬೆಳಕು ರಾಚಿದರೆ ಗಳಿಸಿದ್ದೆಲ್ಲ ಕ್ಷಣದಲ್ಲಿ ಹೋಗುತ್ತದೆ. ಮೊಬೈಲ್ ಫೋನಿನ ಪರದೆಯೂ ಇದೇ ಕಾರ್ಯವನ್ನು ಮಾಡುತ್ತದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸರಳುಕೋಶಗಳು ಅತ್ಯಂತ ಚುರುಕಾಗಿರುವುದು ನೀಲಿಹಸಿರಿನ 500 ನ್ಯಾನೋಮೀಟರ್ ಆಸುಪಾಸಿನಲ್ಲಿ; ಗಾಢ ಕೆಂಪಿಗೆ ಅವು ಬಹುಪಾಲು ಕುರುಡು. ಹಾಗಾಗಿಯೇ ನಕ್ಷತ್ರ ನೋಡುವವರೂ ಕಾಡುಪಾಪಗಳನ್ನು ಎಣಿಸುವ ಸಂಶೋಧಕರೂ ಟಾರ್ಚಿನ ಬಾಯಿಗೆ ಕೆಂಪು ಹಾಳೆ ಕಟ್ಟುವುದು. ಕೆಂಪೆಂದ ಮಾತ್ರಕ್ಕೆ ಪ್ರಖರವಾಗಿ ಉರಿಸಿದರೆ ಪ್ರಯೋಜನವಿಲ್ಲ. ಬಣ್ಣಕ್ಕಿಂತ ಮಂದತೆಯೇ ಹೆಚ್ಚಿನದು.

ಫಿಲ್ಟರಿಗಾಗಿ ದುಬಾರಿ ಬಿಲ್ಲೆಯನ್ನು ಹುಡುಕಬೇಕಾದುದಿಲ್ಲ. ಉಡುಗೊರೆಗೆ ಸುತ್ತುವ ಕೆಂಪು ಗಾಜುಕಾಗದವನ್ನು ಎರಡು ಮೂರು ಪದರ ಮಾಡಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಉಂಗುರದಿಂದ ಬಿಗಿದರೆ ಒಂದು ಮಳೆಗಾಲಕ್ಕೆ ಸಾಲುತ್ತದೆ. ನಾಟಕದ ದೀಪಗಳಿಗೆ ಹಾಕುವ ಜೆಲ್ ಹಾಳೆಯ ತುಂಡು ಸಿಕ್ಕರೆ ಇನ್ನೂ ಉತ್ತಮ. ಅದು ಶಾಖಕ್ಕೆ ಸುಲಭವಾಗಿ ಸುರುಟದು, ಬಣ್ಣವೂ ಬೇಗ ಮಾಸದು. ರಂಗತಂಡಗಳಿರುವ ಊರಿನಲ್ಲಿ ಅಂಗೈಯಗಲದ ತುಂಡಿಗೆ ಯಾರೂ ಇಲ್ಲವೆನ್ನಲಾರರು. ಫಿಲ್ಟರು ಸಾಚಾ ಹೌದೋ ಅಲ್ಲವೋ ಎಂದು ತಿಳಿಯಲು ಹಳೆಯ ಸಿ.ಡಿ.ಯೊಂದು ಸಾಕು. ಕತ್ತಲ ಕೋಣೆಯಲ್ಲಿ ಟಾರ್ಚಿನ ಬೆಳಕನ್ನು ಸಿ.ಡಿ.ಯ ಹೊಳೆಯುವ ಮೈಮೇಲೆ ಓರೆಯಾಗಿ ಬೀಳಿಸಿದರೆ ಕಾಮನಬಿಲ್ಲು ಮೂಡುತ್ತದೆ. ಹಾಳೆ ಕಟ್ಟಿದ ಮೇಲೆಯೂ ಅದರಲ್ಲಿ ಹಸಿರು, ನೀಲಿ ಉಳಿದಿದ್ದರೆ ಇನ್ನೊಂದು ಪದರ ಬೇಕೆಂದು ಅರ್ಥ. ಒಂದೇ ಪದರದ ಗಾಜುಕಾಗದ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಸೋಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪು ಹೇರಳವಾಗಿತ್ತು, ಕೆಂಪು ಹಾಳೆಯಿಂದ ಸೋಸಿದರೂ ಸಾಕಷ್ಟು ಉಳಿಯುತ್ತಿತ್ತು. ನೀಲಿಛಾಯೆಯ ಬಿಳಿ ಎಲ್‌ಇಡಿಗೆ ಅದೇ ಹಾಳೆ ಕಟ್ಟಿದರೆ ಉಳಿಯುವುದು ಅತ್ಯಲ್ಪ. ಬೆಳಕಿನ ಬಹುಪಾಲು ಹಾಳೆಯಲ್ಲಿಯೇ ಹೀರಿಹೋಗಿ ಸೆಲ್ಲು ವ್ಯರ್ಥವಾಗಿ ಖರ್ಚಾಗುತ್ತದೆ. ಆದುದರಿಂದ ಪ್ರತ್ಯೇಕ ಕೆಂಪು ಎಲ್‌ಇಡಿಯನ್ನೇ ಜೋಡಿಸಿರುವ ಟಾರ್ಚು ದೊರೆತರೆ ಅದು ಮಿತವ್ಯಯದ ದಾರಿ. ದೊರೆಯದಿದ್ದರೆ ಬೆಚ್ಚನೆಯ ಬಿಳಿಯ ಟಾರ್ಚಿಗೆ ಹಾಳೆ ಕಟ್ಟುವುದು.

ಕೆಂಪು ಬೆಳಕಿನ ಗುಣ ಕೇಳಿದವರು ಅದನ್ನೇ ಹಿಡಿದು ತೋಟಕ್ಕೆ ನಡೆದರೆ ಅಪಾಯ ಕಟ್ಟಿಟ್ಟದ್ದು. ಒಂದೇ ಬಣ್ಣದ ಬೆಳಕಿನಲ್ಲಿ ಬಣ್ಣಭೇದವೇ ಇರುವುದಿಲ್ಲ. ಕಂದು ಎಲೆಯ ಮೇಲಿನ ಕಂದು ಹಾವು ಆಗ ಇಲ್ಲದಂತೆಯೇ. ಗಾಯದ ರಕ್ತ ಚರ್ಮದಿಂದ ಬೇರೆಯಾಗಿ ತೋರದು. ನಕ್ಷೆಯಲ್ಲಿ ಕೆಂಪು ಗೆರೆಯಲ್ಲಿ ಬರೆದ ದಾರಿ ಮಾಯವಾಗುತ್ತದೆ; ಕೆಂಪು ಪೆನ್ನಿನಲ್ಲಿ ಗೀಚಿದ ಟಿಪ್ಪಣಿಗೂ ಅದೇ ಗತಿ. ನಡೆಯಲು ಬಿಳಿ, ನಿಂತು ನೋಡಲು ಕೆಂಪು ಎಂದು ವಿಂಗಡಿಸಿಕೊಂಡು, ಕೆಂಪಿಗೆ ಬದಲಾಯಿಸುವ ಮುನ್ನ ನಿಲ್ಲುವ ಜಾಗದ ಸುತ್ತ ಬಿಳಿ ಬೆಳಕು ಹಾಯಿಸಿ ನೋಡಿಕೊಳ್ಳಬೇಕು. ಬೆಳಕು ಬಿದ್ದರೆ ಹಾವಿನ ಕಣ್ಣು ಹೊಳೆಯುತ್ತದೆಂದು ನೆಚ್ಚಿ ಕೂರುವುದೂ ತರವಲ್ಲ. ಕಾಡುಪಾಪ, ಪುನುಗುಬೆಕ್ಕು, ನತ್ತಿಂಗಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಕನ್ನಡಿಯಂಥ ಪದರವಿದೆ, ಹಾವಿಗೆ ಅದಿಲ್ಲ.

ಹಸಿರು, ನೀಲಿ ಫಿಲ್ಟರುಗಳು ಕೆಲವು ಟಾರ್ಚಿನೊಡನೆ ಉಚಿತವಾಗಿ ಬರುತ್ತವೆ. ಹಸಿರಿನಲ್ಲಿ ಅತ್ಯಲ್ಪ ಬೆಳಕಿಗೂ ಓದಲು ಬರುತ್ತದೆಂಬುದು ನಿಜವಾದರೂ ಸರಳುಕೋಶಗಳ ಹದ ಕೆಡುತ್ತದೆ. ನೀಲಿಯಿಂದ ವೀಕ್ಷಕನಿಗೆ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಕೀಟಗಳು ಮಾತ್ರ ಮುತ್ತಿಕೊಳ್ಳುತ್ತವೆ. ದೀಪಕ್ಕೆ ಹುಳ ಮರುಳಾಗಿ ಬರುತ್ತದೆಂದು ಶತಮಾನಗಳಿಂದ ಹೇಳುತ್ತ ಬರಲಾಗಿದೆ. 2024ರ ಆರಂಭದಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದ್ದು ಬೇರೆಯೇ. ಆಕಾಶ ಬೆಳಕಾಗಿರುವ ಕಡೆಗೆ ಬೆನ್ನು ತಿರುಗಿಸಿ ಹಾರುವುದು ಕೀಟಗಳ ಸ್ವಭಾವ. ಹತ್ತಿರದ ದೀಪವನ್ನು ಆಕಾಶವೆಂದು ಭ್ರಮಿಸಿ ಅದರತ್ತ ಬೆನ್ನು ವಾಲಿಸುವುದರಿಂದಲೇ ಅವು ದಿಕ್ಕುಗೆಟ್ಟು ಸುತ್ತಿ ಬೀಳುತ್ತವೆ. ಅಂದರೆ ಅದು ಮೋಹವಲ್ಲ, ಬೋನು. ಕಿಟಕಿಯಂಚಿನ ಚಿಟ್ಟೆಗೆ ಸಂಭವಿಸುವುದೇ ಟಾರ್ಚಿನ ಮುಂದಿನ ಪತಂಗಕ್ಕೂ.

ಮುಂಗಾರಿಗೆ ಮುಂಚಿನ ಮೇ–ಜೂನ್ ತಿಂಗಳಲ್ಲಿ ಘಟ್ಟದ ಮರಗಳಲ್ಲಿ ಮಿಂಚುಹುಳುಗಳ ಮೇಳ ನಡೆಯುತ್ತದೆ. ಆ ಮಿಣುಕು ಗಂಡುಹೆಣ್ಣುಗಳ ಸಂಭಾಷಣೆ. ವಯಸ್ಕ ಹುಳುವಿಗಿರುವ ಆಯುಸ್ಸು ಕೆಲವೇ ವಾರ. ಅಲ್ಲಿಗೆ ಜನ ಗುಂಪುಗಟ್ಟಿ ಹೋಗಿ ಬಿಳಿ ಟಾರ್ಚನ್ನು ಮರಕ್ಕೆ ಬಿಟ್ಟರೆ ಆ ಸಂಭಾಷಣೆ ತುಂಡಾಗುತ್ತದೆ. ಹಳದಿ ಹಾಳೆ ಕಟ್ಟಿದರೆ ತೊಂದರೆಯಿಲ್ಲವೆಂಬುದು ತಪ್ಪು ಗ್ರಹಿಕೆ: ಮಿಂಚುಹುಳುವಿನ ಸ್ವಂತ ಬೆಳಕೇ ಹಳದಿಹಸಿರು, ಅದರ ಕಣ್ಣು ಶ್ರುತಿಗೊಂಡಿರುವುದೂ ಅದಕ್ಕೇ. ಅಲ್ಲಿ ಮಂದ ಕೆಂಪು, ಅದೂ ನೆಲಕ್ಕೆ ಬಾಗಿಸಿ. ಮಳೆಗಾಲದಲ್ಲಿ ಕೊಳೆತ ದಿಮ್ಮಿಗಳ ಮೇಲೆ ಹೊಳೆಯುವ ಅಣಬೆಗಳನ್ನು ನೋಡಬೇಕೆಂದರೆ ಕೆಂಪನ್ನೂ ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತಿರಬೇಕು. ಉಂಬಳಗಳು ಆ ಹೊತ್ತಿನಲ್ಲಿ ತಮ್ಮ ಕೆಲಸ ಮಾಡಿಕೊಳ್ಳುತ್ತವೆ, ಅದಕ್ಕೆ ಯಾವ ಫಿಲ್ಟರೂ ಇಲ್ಲ.

ಪ್ರಖರ ಬೆಳಕಿಗೆ ಕಾಡುಕುರಿಯೂ ಬರ್ಕವೂ ಕಾಲು ಕೀಳಲಾರದೆ ನಿಂತುಬಿಡುತ್ತವೆಂಬುದನ್ನು ಕೋವಿಯವರು ಬಹುಕಾಲದಿಂದ ಬಲ್ಲರು. ಛಾಯಾಚಿತ್ರಕ್ಕಾಗಿ ಅದೇ ಬೆಳಕನ್ನು ಬಿಟ್ಟು ನಿಲ್ಲಿಸುವವರ ಉದ್ದೇಶ ಬೇರೆಯಾದರೂ ಪ್ರಾಣಿಗೆ ಆ ಭೇದ ತಿಳಿಯದು. ಗೂಡಿನ ಮೇಲೆ, ಮರಿಗಳ ಮೇಲೆ, ಯಾವ ಪ್ರಾಣಿಯದಾದರೂ ಮುಖದ ಮೇಲೆ ನೇರವಾಗಿ ಬೆಳಕು ಬಿಡದೆ ಅಂಚಿನ ಬೆಳಕಿನಲ್ಲಿ ಅರೆನಿಮಿಷ ನೋಡಿ ಸರಿಯುವುದು ರೂಢಿಯಾಗಬೇಕು. ವಟಗುಟ್ಟುವ ಕಪ್ಪೆ ಮೌನವಾಯಿತೆಂದರೆ ಬೆಳಕು ಹೆಚ್ಚಾಯಿತೆಂದೇ ತಿಳಿಯುವುದು. ರಕ್ಷಿತಾರಣ್ಯದೊಳಗೆ ರಾತ್ರಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು; ಟಾರ್ಚಿನ ಬಣ್ಣ ಅದಕ್ಕೆ ಬದಲಿಯಲ್ಲ.

ಸೆಲ್ಲುಗಳ ವಿಷಯ. ಊರಿನ ಅಂಗಡಿಯಲ್ಲಿ ದೊರೆಯುವ ಸಾಧಾರಣ ಪೆನ್‌ಸೆಲ್ಲಿನಿಂದ ಉರಿಯುವ ಟಾರ್ಚೇ ಹಳ್ಳಿಗೆ ಭರವಸೆಯದು. ಮರುಪೂರಣ ಮಾಡಬಹುದಾದ ನಿಕಲ್ ಸೆಲ್ಲುಗಳನ್ನು ನೂರಾರು ಬಾರಿ ಬಳಸಬಹುದು. ಬಿಸಾಡಿದ ಸೆಲ್ಲುಗಳು ಹೊಂಡಕ್ಕೂ ತೊರೆಗೂ ಸೇರುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇಂಥ ಸಣ್ಣ ಸೆಲ್ಲುಗಳನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಘಟ್ಟದ ಹಳ್ಳಿಯ ಅಂಗಡಿಯವರೆಗೆ ಆ ಹೊಣೆ ನಡೆದು ಬರುವುದನ್ನು ಕಾಯುತ್ತ ಕೂರುವ ಬದಲು ಶಾಲೆಯಲ್ಲೊಂದು ಡಬ್ಬಿ ಇಟ್ಟು ಕೂಡಿಹಾಕಿ ಪೇಟೆಯ ಸಂಗ್ರಹಕೇಂದ್ರಕ್ಕೆ ಮುಟ್ಟಿಸುವುದು ಮೇಲು. ಬೆರಳುಗಾತ್ರದ ಲಿಥಿಯಂ ಸೆಲ್ಲಿನ ಮೇಲೆ 9000 ಎಂಬ ಅಂಕಿ ಕಂಡರೆ ಅದು ಸುಳ್ಳು. ಆ ಗಾತ್ರದಲ್ಲಿ 3500 ಮಿಲಿಆಂಪಿಯರ್-ಗಂಟೆಯ ಆಸುಪಾಸೇ ದೊಡ್ಡದು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲನ್ನು ತುರುಕಿ ಮಕ್ಕಳ ಕೈಗೆ ಕೊಡುವುದಂತೂ ಸಲ್ಲದು, ಅವು ಹೊತ್ತಿ ಉರಿಯಬಲ್ಲವು.

ಮಲೆನಾಡಿನ ಮಳೆಗೆ ಐ.ಪಿ.ಎಕ್ಸ್. 4 ಎಂಬ ಗುರುತು ಸಾಲದು, ಅದು ಸಿಂಪಡಿಕೆಗೆ ಮಾತ್ರ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುವ ಐ.ಪಿ.ಎಕ್ಸ್. 7 ಇದ್ದರೆ ಹಳ್ಳಕ್ಕೆ ಬಿದ್ದರೂ ಎತ್ತಿಕೊಂಡು ನಡೆಯಬಹುದು. ಮಣಿಕಟ್ಟಿಗೆ ಸಿಕ್ಕಿಸುವ ದಾರ ತಪ್ಪದೆ ಇರಲಿ. ಮಳೆಗಾಲ ಕಳೆದ ಮೇಲೆ ಸೆಲ್ಲುಗಳನ್ನು ಹೊರತೆಗೆದು, ಒಳಗಿನ ಸ್ಪ್ರಿಂಗನ್ನು ಒಣಬಟ್ಟೆಯಿಂದ ಒರೆಸಿ, ಮುಚ್ಚಳದ ರಬ್ಬರು ಬಳೆಗೆ ಒಂದು ತೊಟ್ಟು ಸಿಲಿಕೋನ್ ಗ್ರೀಸ್ ಸವರಿಡಬೇಕು. ಕೊಬ್ಬರಿ ಎಣ್ಣೆ ಬೇಡ, ರಬ್ಬರು ಉಬ್ಬುತ್ತದೆ.